ಅಕ್ಕನ ರೊಟ್ಟಿಗೆ ಕರೆಯೋಲೆ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಇಂಟರ್ನೆಟ್ಟಿನ ವ್ಯಾಪಾರಕ್ಕೆ ಇಳಿದದ್ದು ಬುದ್ಧಿಯಿಂದ ಅಲ್ಲವೇ ಅಲ್ಲ, ಸಿಟ್ಟಿನಿಂದ. ಸಿಟ್ಟು ನಮ್ಮ ಅಣ್ಣನ ಮೇಲೆ. ಅವನೇನು ತಪ್ಪು ಮಾಡಿದ್ದ ಎಂದು ಕೇಳಿದರೆ, ಏನೂ ಇಲ್ಲ. ಒಳ್ಳೆಯವನಾಗಿದ್ದ, ಅಷ್ಟೇ. ಕೆಟ್ಟವರ ಮೇಲೆ ಸಿಟ್ಟು ಬಂದರೆ ಎರಡು ಮಾತು ಬೈದು ಹಗುರಾಗಬಹುದು. ಒಳ್ಳೆಯವರ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಳಿಸುವುದು?

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೋರ್ಡುಗಳ ಮೇಲೆಲ್ಲ ಇನ್ನೂ ಗುಲಬರ್ಗಾ ಎಂದೇ ಇತ್ತು, ನಮ್ಮ ಬಾಯಲ್ಲಿ ಮಾತ್ರ ಮೊದಲಿನಿಂದಲೂ ಕಲಬುರ್ಗಿ. ಶಹಾಬಜಾರದ ಒಂದು ಗಲ್ಲಿಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಒಂದು ದಿನ ಮಾಲೀಕರು ಟೈಪ್‌ರೈಟರ್‌ಗಳನ್ನೆಲ್ಲ ಗುಜರಿಗೆ ಹಾಕಿ, ಅದೇ ಟೇಬಲ್ಲುಗಳ ಮೇಲೆ ಕಂಪ್ಯೂಟರ್ ಇಟ್ಟು, ಹೊರಗೆ ಇಂಟರ್ನೆಟ್ ಸೆಂಟರ್ ಎಂದು ಬೋರ್ಡು ಹಾಕಿಸಿದರು. ಟೇಬಲ್ಲಿನ ಜೊತೆಗೆ ನಾನೂ ಉಳಿದುಕೊಂಡೆ. ಮೇಲ್ ಮಾಡುವುದು ಹೇಗೆ ಎಂದು ನಾನು ಬೆಳಿಗ್ಗೆ ಕಲಿತು ಮಧ್ಯಾಹ್ನ ಬಂದವರಿಗೆ ಕಲಿಸುತ್ತಿದ್ದೆ.

ಅಕ್ಕ ಕಮಲಾಪುರದಲ್ಲಿದ್ದಳು. ನಾವು ಮೂವರು ಒಡಹುಟ್ಟಿದವರು: ಅಕ್ಕ ಎಲ್ಲರಿಗಿಂತ ಹಿರಿಯಳು, ನಡುವೆ ಅಣ್ಣ, ಕೊನೆಯವಳು ನಾನು. ಭಾವ ತೀರಿಕೊಂಡು ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಮನೆಯ ಹಿತ್ತಲಲ್ಲಿ ನಾಲ್ಕಾರು ಕೆಂಪು ಬಾಳೆಯ ಗಿಡ, ಅಡುಗೆಮನೆಯಲ್ಲಿ ದೊಡ್ಡ ಒಲೆ. ಅಕ್ಕ ಜೋಳದ ಕಡಕ್ ರೊಟ್ಟಿ ಬಡಿಯುತ್ತಿದ್ದಳು. ಎರಡು ಬೆರಳ ನಡುವೆ ಹಿಡಿದರೆ ಹಪ್ಪಳದ ಹಾಗೆ ಚಟ್ ಎಂದು ಮುರಿಯುವ, ತಿಂಗಳುಗಟ್ಟಲೆ ಕೆಡದ ರೊಟ್ಟಿ. ಕಲಬುರ್ಗಿಯ ಒಂದು ಖಾನಾವಳಿಯವರು ವರ್ಷಗಟ್ಟಲೆ ಅವಳಿಂದಲೇ ರೊಟ್ಟಿ ತರಿಸಿಕೊಂಡರು. ಆಮೇಲೆ ಆ ಖಾನಾವಳಿ ಮಕ್ಕಳ ಕೈಗೆ ಬಂತು. ಮಕ್ಕಳು ಅಲ್ಲಿ ಗೋಬಿ ಮಂಚೂರಿ ಶುರು ಮಾಡಿದರು. ರೊಟ್ಟಿ ಬೇಡವಾಯಿತು. ಗೋಬಿ ಮಂಚೂರಿಯನ್ನು ನಾನು ಇವತ್ತಿಗೂ ಬಾಯಿಗಿಡುವುದಿಲ್ಲ.

ಅದೇ ಹೊತ್ತಿಗೆ ಅಣ್ಣ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ. ಅದರಲ್ಲಿ ಅಕ್ಕನಿಗೆಂದೇ ಒಂದು ಕೋಣೆ. ಅವಳಿಗೆ ಗಾಳಿ ಬೇಕೆಂದು ಕಿಟಕಿಯನ್ನು ಇಂಜಿನಿಯರನ ಜೊತೆ ಜಗಳವಾಡಿ ದೊಡ್ಡದು ಮಾಡಿಸಿದ್ದ. ಗೃಹಪ್ರವೇಶದ ದಿನ ಎಲ್ಲರೆದುರು ಹೇಳಿದ:

"ಅಕ್ಕಾ, ರೊಟ್ಟಿ ಖಾನಾವಳಿನೂ ತೊಗೊಳ್ಳಂಗಿಲ್ಲ, ಒಬ್ಬಾಕಿ ಅಲ್ಲಿ ಕುಂತು ಏನ್ ಮಾಡ್ತಿ? ಯುಗಾದಿ ಆದ ಮ್ಯಾಗ ಟೆಂಪೋ ತರ್ತೀನಿ. ಟ್ರಂಕ್ ಕಟ್ಟಿಟ್ಟಿರು."

ಬಂದವರೆಲ್ಲ, ತಮ್ಮ ಅಂದರೆ ಹೀಗಿರಬೇಕು ಎಂದು ಹೊಗಳಿದರು. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಆಮೇಲೆ ಹಿಂದಿನ ಬಾಗಿಲಲ್ಲಿ ನನ್ನ ಕೈ ಹಿಡಿದು ಅಂದಳು, "ನನಗ ಕುಂತು ಉಣ್ಣಾಕ ಬರಂಗಿಲ್ಲ ತಂಗಿ. ಇಲ್ಲಿ ನಾ ಒಂದು ಮೂಲ್ಯಾಗಿನ ಸಾಮಾನ ಆಗ್ತೀನಿ."

"ಹಂಗಂತ ಅವಂಗ ಹೇಳಬೇಕಿಲ್ಲೋ!"

"ಹೆಂಗ ಹೇಳ್ಲೇ? ಪಾಪ, ಕಿಡಕಿ ಬ್ಯಾರೆ ಇಡಿಸ್ಯಾನ."

ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲ, ಒಂದು ಕಿಟಕಿಯ ದಾಕ್ಷಿಣ್ಯಕ್ಕೆ ಯಾರಾದರೂ ತಮ್ಮ ಮನೆ ಬಿಡುತ್ತಾರೆಯೇ? ಯುಗಾದಿಯೊಳಗೆ ಅಕ್ಕನ ರೊಟ್ಟಿಗೆ ಗಿರಾಕಿಗಳನ್ನು ಹುಡುಕಿಕೊಡುತ್ತೇನೆ, ಆಗ ಆಕೆ ತಮ್ಮನಿಗೆ ‘ನನಗೆ ಕೆಲಸ ಇದೆ’ ಎಂದು ಹೇಳಬಹುದು, ಕೆಲಸ ಇರುವವರನ್ನು ಯಾರೂ ಟೆಂಪೋದಲ್ಲಿ ಹೇರಿಕೊಂಡು ಹೋಗಲಾರರು ಎಂದು ಲೆಕ್ಕ ಹಾಕಿದೆ.

ನಮ್ಮ ಸೆಂಟರಿಗೆ ಒಂದು ಕಂಪ್ಯೂಟರ್ ಮಾಸಪತ್ರಿಕೆ ಬರುತ್ತಿತ್ತು. ಅದರಲ್ಲೊಂದು ಲೇಖನ. ಆನ್‌ಲೈನ್ ವ್ಯಾಪಾರದಲ್ಲಿ ಅಂಗಡಿಗಿಂತ, ಸರಕಿಗಿಂತ ದೊಡ್ಡ ಆಸ್ತಿ ಎಂದರೆ ನಿಮ್ಮ ಮಾತು ಕೇಳಲು ಒಪ್ಪಿದವರ ಇಮೇಲ್ ಪಟ್ಟಿ ಎಂದು ಬರೆದಿತ್ತು. ‘ಒಪ್ಪಿದವರ’ ಎಂಬಲ್ಲಿ ನನ್ನ ಕಣ್ಣು ನಿಲ್ಲಲೇ ಇಲ್ಲ. ಪಟ್ಟಿ ತಾನೇ? ನಮ್ಮ ಬಳಗದಷ್ಟು ದೊಡ್ಡ ಪಟ್ಟಿ ಯಾರ ಹತ್ತಿರ ಇದೆ? ಹೈದರಾಬಾದ್, ಪುಣೆ, ಸೊಲ್ಲಾಪುರ, ಮುಂಬೈ, ಎಲ್ಲ ಕಡೆ ನಮ್ಮವರೇ. ಎಲ್ಲರಿಗೂ ಊರಿನ ರೊಟ್ಟಿಯ ಹಂಬಲ. ಲೇಬಲ್ಲಿಗೆ ಯಾವ ಬಣ್ಣ ಎಂದು ಯೋಚಿಸುವ ತನಕ ಹೋದೆ. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸುವುದು ಎಂದರೆ ಇದೇ.

ಮಾಘದಲ್ಲಿ ನಮ್ಮ ಬಳಗದ ಒಂದು ಮದುವೆ ಬಂತು. ನಾನು ಕೈಯಲ್ಲಿ ಪೆನ್ನು ಹಿಡಿದು ಮಂಗಲ ಕಾರ್ಯಾಲಯದ ಊಟದ ಸಾಲುಗಳ ನಡುವೆ ಅಡ್ಡಾಡಿದೆ. "ಮಾಮಾ, ನಿಮ್ಮ ಇಮೇಲ್ ಕೊಡ್ರಿ." "ವೈನಿ, ನಿಮ್ದೂ ಹೇಳ್ರಿ." ಒಬ್ಬರೂ ಇಲ್ಲ ಅನ್ನಲಿಲ್ಲ. ನಮ್ಮ ಕಡೆ ಮುಖಕ್ಕೆ ಮುಖ ಕೊಟ್ಟು ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ಬಹಳವೆಂದರೆ "ನೋಡೋಣಂತ ಬಿಡವಾ" ಅನ್ನುತ್ತಾರೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇಮೇಲ್ ಇಲ್ಲದವರೂ ಕೊಟ್ಟರು. ಒಬ್ಬ ಹಿರಿಯರು ಮನೆಯ ನಂಬರು, ಪಿನ್ ಕೋಡು, ಎದುರಿಗೆ ಬೇವಿನ ಗಿಡ ಇದೆ ಎಂಬ ಗುರುತು, ಎಲ್ಲ ಹೇಳಿ ಬರೆಸಿದರು. ಇನ್ನೊಬ್ಬರು ಅಳಿಯನದ್ದು ಬರೆಸಿ, "ಅಂವ ದಿನಾ ನೋಡ್ತಾನ, ಅವಂಗ ಬ್ಯಾರೆ ಏನ್ ಕೆಲಸ?" ಎಂದರು.

ಮುಂದಿನ ವಾರ ಕಮಲಾಪುರಕ್ಕೆ ಹೋಗಿ ಅಕ್ಕನಿಗೆ ಹೆಸರುಗಳನ್ನು ಓದಿ ಹೇಳಿದೆ. ಆಕೆ ಹಿಟ್ಟು ನಾದುತ್ತ ಕೇಳಿಸಿಕೊಂಡಳು.

"ತಮ್ಮನ ಹೆಸರು ಹಾಕಿಯೇನು?"

"ಇನ್ನಾ ಇಲ್ಲ. ಹಾಕ್ಲ್ಯಾ?"

"ಬ್ಯಾಡ," ಅಂದಳು. ಯಾಕೆ ಎಂದು ಕೇಳಿದ್ದಕ್ಕೆ ನೀರಿನ ಚೆಂಬು ಈಚೆಗೆ ಸರಿಸು ಎಂದಳು. ಅವನಿಗೆ ಹೆದರಿದ್ದಾಳೆ ಎಂದುಕೊಂಡು ನಾನೂ ಹಾಕಲಿಲ್ಲ.

ನನ್ನ ಮೊದಲ ಪತ್ರವನ್ನು ನಾನು ಮದುವೆಯ ಪತ್ರಿಕೆಯ ಧಾಟಿಯಲ್ಲೇ ಬರೆದೆ. ಆಗ ಕನ್ನಡ ಅಕ್ಷರ ಕಳಿಸಿದರೆ ಆ ಕಡೆಯ ಕಂಪ್ಯೂಟರಿನಲ್ಲಿ ಬರೀ ಚೌಕಟ್ಟುಗಳು ಕಾಣುತ್ತಿದ್ದವು. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ. ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಕಮಲಾಪುರದ ಅಕ್ಕನ ಕೈರೊಟ್ಟಿ, ನಂಚಿಕೊಳ್ಳಲು ಶೇಂಗಾದ ಹಿಂಡಿ, ಬೇಕಾದವರು ತಿಳಿಸಬೇಕಾಗಿ ವಿನಂತಿ. ಹೆಸರುಗಳನ್ನು ಮರೆಮಾಡಿ ಕಳಿಸುವ ಒಂದು ಸೌಲಭ್ಯ ಇದೆ ಎಂದು ನನಗೆ ಗೊತ್ತಿತ್ತು. ಆದರೆ ಕರೆಯುವವರು ಯಾರು ಯಾರನ್ನು ಕರೆದಿದ್ದಾರೆ ಎಂದು ಎಲ್ಲರಿಗೂ ಕಾಣಬೇಕಲ್ಲವೇ? ಕದ್ದು ಕರೆಯಲು ಇದೇನು ಓಡಿಹೋಗಿ ಆಗುವ ಮದುವೆಯೇ? ಅಷ್ಟೂ ಜನರನ್ನು ಒಂದೇ ಪತ್ರದ ತಲೆಯ ಮೇಲೆ ಕೂರಿಸಿ ಕಳಿಸಿಬಿಟ್ಟೆ.

ಕಂಪ್ಯೂಟರಿಗೆ ಹಿರಿಯರು ಕಿರಿಯರು ಗೊತ್ತಿಲ್ಲ. ಅದು ಎಲ್ಲರನ್ನೂ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಲ್ಲಿಸಿತ್ತು. ಮೊನ್ನೆ ಮೊನ್ನೆ ಕಾಲೇಜು ಸೇರಿದವನು ಎಲ್ಲರಿಗಿಂತ ಮುಂದೆ. ಬಳಗಕ್ಕೇ ಹಿರಿಯರಾದ ಹೈದರಾಬಾದಿನ ಕಾಕಾ ಎಲ್ಲರಿಗಿಂತ ಹಿಂದೆ.

ಕಾಕಾ ನಮ್ಮ ಅಪ್ಪನ ತಮ್ಮ, ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿ ಹೆಡ್ಮಾಸ್ತರಾಗಿ ನಿವೃತ್ತರಾದವರು. ಮರುದಿನವೇ ಅವರ ಉತ್ತರ ಬಂತು. ನನಗೊಬ್ಬಳಿಗೆ ಅಲ್ಲ, ಅಷ್ಟೂ ಜನಕ್ಕೆ. "ಚಿರಂಜೀವಿ ಸೌಭಾಗ್ಯವತಿಗೆ ಆಶೀರ್ವಾದ. ನಿನ್ನ ಪತ್ರಿಕಿ ಮುಟ್ಟಿತು. ನಮ್ಮ ಖಾನದಾನದಾಗ ಹಿರಿಯರ ಹೆಸರು ಕಟ್ಟಕಡೀಗೆ ಬರೀತಾರ ಅಂತ ಈಗ ತಿಳೀತು. ಭಾಳ ಸಂತೋಷ."

ಅದಕ್ಕೆ ಬೆಂಬಲವಾಗಿ ಸೊಲ್ಲಾಪುರದಿಂದ ಒಂದು ಉತ್ತರ. ಆಮೇಲೆ ಪುಣೆಯಿಂದ ಒಬ್ಬ ವೈನಿ ಎಲ್ಲರಿಗೂ ಬರೆದಳು: ಒಂದೇ ಮನೆಯಲ್ಲಿ ತನ್ನ ಮೈದುನನ ಹೆಂಡತಿಗೆ ಪತ್ರ ಬಂದಿದೆ, ತನಗೆ ಬಂದಿಲ್ಲ, ತಾನೇನು ರೊಟ್ಟಿ ತಿನ್ನುವುದಿಲ್ಲವೇ? ಮುಂಬೈಯ ಮಾಮಾ, ಯಾವುದೋ ಹಳೆಯ ಮುನಿಸು ನೆನಪಾಗಿ, "ಅವರಿರೋ ಸಾಲಿನ್ಯಾಗ ನನ್ನ ಹೆಸರು ಬ್ಯಾಡ, ತೆಗೆದುಬಿಡು" ಎಂದರು. ‘ಅವರು’ ಯಾರು ಎಂದು ಹೇಳಲಿಲ್ಲ. ಹಾಗಾಗಿ ಎಲ್ಲರೂ ತಮಗೇ ಎಂದು ತಿಳಿದರು. ವಾರವಿಡೀ ನಮ್ಮ ಖಾನದಾನದ ಮರ್ಯಾದೆ ತಂತಿಯ ಮೇಲೆ ಹರಿದಾಡಿತು. ರೊಟ್ಟಿ ಬೇಕು ಎಂದು ಒಬ್ಬರೂ ಬರೆಯಲಿಲ್ಲ.

ನಾನು ಕೀಬೋರ್ಡನ್ನು ದೂಡಿ ಎದ್ದುಬಿಟ್ಟೆ. "ಹಾಳಾಗಿ ಹೋಗ್ರಿ, ಬ್ರೆಡ್ ತಿಂದು ಸಾಯ್ರಿ" ಎಂದು ಗಟ್ಟಿಯಾಗಿಯೇ ಅಂದೆ. ಪಕ್ಕದ ಟೇಬಲ್ಲಿನಲ್ಲಿ ನೌಕರಿಯ ಅರ್ಜಿ ತುಂಬುತ್ತಿದ್ದವರು ಬೆಚ್ಚಿಬಿದ್ದು "ನನಗೇನ್ರೀ?" ಅಂದರು.

ಆ ಭಾನುವಾರ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಅಕ್ಕನಿಗೆ ಏನೆಂದು ಹೇಳುವುದು ಎಂದೇ ಯೋಚಿಸಿದೆ. ಯುಗಾದಿ ಬಹಳ ದೂರ ಇರಲಿಲ್ಲ. ಅಕ್ಕ ಆಗಲೇ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಒರೆಸಿ ಇಟ್ಟಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಆಕೆ ಅಳುತ್ತಾಳೆ ಎಂದುಕೊಂಡಿದ್ದರೆ, ಕಾಕಾನ ಉತ್ತರ ಕೇಳಿ ಹಿಟ್ಟಿನ ಕೈ ನೆಲಕ್ಕೂರಿ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಏ ಹುಚ್ಚಿ, ಪತ್ರಿಕಿ ಒಗೆದು ಹೋದ್ರ ಯಾರಾದ್ರೂ ಮದುವಿಗೆ ಬರ್ತಾರೇನು? ಮನೀಗೆ ಹೋಗಿ, ಕುಂತು, ಆರಾಮ ಕೇಳಿ, ಹಣಿಗಿ ಕುಂಕುಮ ಹಚ್ಚಿ ಕರೀಬೇಕು. ಫೋನಿನ್ಯಾಗ ಬರ್ರಿ ಅಂದ್ರೂ ಅಷ್ಟ, ಬೀದ್ಯಾಗ ನಿಂತು ಒದರಿದ್ರೂ ಅಷ್ಟ. ಕರೀಲಾರದ ಮನೀಗೆ ಯಾರ್ ಹೋಗ್ತಾರ?"

"ಕಂಪ್ಯೂಟರಿನ್ಯಾಗ ಕುಂಕುಮ ಎಲ್ಲಿ ಹಚ್ಚಲಿ, ಗಾಜಿಗೇನು?"

"ಅದು ನಿನಗ ಗೊತ್ತು. ಟೈಪಿಂಗ್ ಮಾಸ್ತರಣಿ ನೀ."

ತಿರುಗಿ ಬರುವಾಗ ಬಸ್ಸಿನಲ್ಲಿ ಕುಳಿತು ಅವಳನ್ನೇ ಬೈದುಕೊಂಡೆ. ಹುಮನಾಬಾದ್ ರಸ್ತೆ ಮುಗಿದು ಊರು ಬರುವ ಹೊತ್ತಿಗೆ ಆಕೆ ಹೇಳಿದ್ದು ಸರಿ ಅನಿಸಿತ್ತು. ಮರುದಿನ ಕಾಕಾಗೆ ಬರೆದೆ. ಅವರೊಬ್ಬರಿಗೇ. ರೊಟ್ಟಿಯ ಮಾತು ಎತ್ತಲಿಲ್ಲ. ಕಾಕೂನ ಮೊಣಕಾಲು ಹೇಗಿದೆ ಎಂದು ಕೇಳಿದೆ. ಸಣ್ಣವರಿದ್ದಾಗ ಅವರು ನಮ್ಮನ್ನು ಕೋಟೆಗೆ ಕರೆದುಕೊಂಡು ಹೋಗಿ, ಒಳಗಿನ ಹಳೆಯ ಮಸೀದಿಯ ಕಂಬಗಳ ನಡುವೆ ನಿಲ್ಲಿಸಿ, ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿಯನ್ನು ಹೊರಗೆ ಹುಲ್ಲಿನ ಮೇಲೆ ಬಿಚ್ಚಿಸಿದ್ದನ್ನು ನೆನೆಸಿದೆ. ಆ ಅಕ್ಕ ಈಗ ಮನೆ ಬಿಡುವ ಹೊತ್ತು ಬಂದಿದೆ, ಆಕೆಗೆ ಮನಸ್ಸಿಲ್ಲ, ಹಿರಿಯರು ನೀವು ಏನು ಹೇಳುತ್ತೀರಿ ಎಂದು ಕೇಳಿದೆ.

ಎರಡು ದಿನ ಏನೂ ಬರಲಿಲ್ಲ. ಆಮೇಲೆ ಬಂತು. "ಬೇಟಾ, ಮೊದಲ ಹಿಂಗ ಬರೀಬೇಕಿತ್ತು. ನನಗ ಎಳ್ಳು ಹಚ್ಚಿದ ರೊಟ್ಟಿ ಕಳಿಸು. ಇಲ್ಲಿ ನಮ್ಮ ಕಡಿಯವರು ಭಾಳ ಮಂದಿ ಇದ್ದಾರ. ಅವರ ಮನೀಗೆ ನಾ ಹೋಗಿ ಕೇಳ್ತೀನಿ. ಹೂಂ ಅಂದವರ ಹೆಸರು ಮಾತ್ರ ಕಳಿಸ್ತೀನಿ. ಉಳಿದವರನ್ನ ಕಾಡಬ್ಯಾಡ. ಕರದಾಗ ಬರಲಿಲ್ಲಂತ ಮುಖ ಗಂಟು ಹಾಕೋದು ಖಾನದಾನಿ ಮಂದಿ ಲಕ್ಷಣ ಅಲ್ಲ."

ಹೂಂ ಅಂದವರ ಹೆಸರು. ಮಾಸಪತ್ರಿಕೆಯಲ್ಲಿ ನಾನು ಹಾರಿಸಿ ಓದಿದ್ದ ಮಾತು ಅದೇ. ಆದರೆ ಕಾಕಾ ಆ ಪತ್ರಿಕೆಯನ್ನು ಕಂಡವರೇ ಅಲ್ಲ.

ಆಮೇಲೆ ಒಬ್ಬೊಬ್ಬರಿಗೇ ಬರೆಯುತ್ತ ಹೋದೆ, ಹಿರಿತನದ ಪ್ರಕಾರ. ಪುಣೆಯ ವೈನಿಗೆ ಮೊದಲು, ಅವಳ ಮೈದುನನ ಹೆಂಡತಿಗೆ ಮರುದಿನ. ಮುಂಬೈಯ ಮಾಮಾನ ಹೆಸರನ್ನು ಅವರು ಹೇಳಿದಂತೆ ತೆಗೆದೆ, ತೆಗೆದಿದ್ದೇನೆ ಎಂದು ತಿಳಿಸಿ ಆರೋಗ್ಯ ವಿಚಾರಿಸಿದೆ. ಅವರು ತಾವೇ ಮತ್ತೆ ಹಾಕು ಎಂದರು. ಟೈಪ್ ಮಾಡಿ ಮಾಡಿ ನನ್ನ ಬೆರಳು ನೋಯುತ್ತಿದ್ದವು. ಪಟ್ಟಿ ಮೊದಲಿಗಿಂತ ಸಣ್ಣದಾಯಿತು. ಆದರೆ ಈಗ ಅದರಲ್ಲಿದ್ದವರು ಉತ್ತರ ಬರೆಯುತ್ತಿದ್ದರು. ಒಬ್ಬರಿಗೆ ಸಜ್ಜೆಯದು ಬೇಕು, ಒಬ್ಬರಿಗೆ ಬೆಳ್ಳುಳ್ಳಿ ಇಲ್ಲದ ಹಿಂಡಿ ಬೇಕು. ತಿಂದವರು ತಮ್ಮ ಆಫೀಸಿನವರನ್ನು, ನೆರೆಯವರನ್ನು ಕೇಳಿ, ಹೂಂ ಅಂದವರನ್ನು ನನಗೆ ಒಪ್ಪಿಸುತ್ತಿದ್ದರು. ಕಮಲಾಪುರದಿಂದ ಡಬ್ಬಗಳು ಬಸ್ಸಿನ ಮೇಲೆ ಬಂದು, ಕಲಬುರ್ಗಿಯಲ್ಲಿ ಇನ್ನೊಂದು ಬಸ್ಸು ಹತ್ತಿ ಪುಣೆಗೂ ಹೈದರಾಬಾದಿಗೂ ಹೋಗತೊಡಗಿದವು. ನನ್ನ ಯಜಮಾನರು, "ನಿನ್ನ ರೊಟ್ಟಿ ಜಾರಿ ತುಪ್ಪದಾಗ ಬಿತ್ತಲ್ಲೇ!" ಎಂದು ಛೇಡಿಸಿದರು. ಜಾರಿ ಬಿದ್ದದ್ದಲ್ಲ, ಒಂದೊಂದನ್ನೂ ಕೈಯಾರೆ ತುಪ್ಪದಲ್ಲಿ ಇಟ್ಟದ್ದು ಎಂದು ನಾನು ಜಗಳಕ್ಕೇ ನಿಂತೆ.

ಅಕ್ಕ ಓಣಿಯ ಇಬ್ಬರು ಹೆಂಗಸರನ್ನು ಜೊತೆಗೆ ಕರೆದುಕೊಂಡಳು. ಯುಗಾದಿ ಬಂತು, ಹೋಯಿತು. ಟ್ರಂಕು ಇಳಿಸಿದಲ್ಲೇ ಇತ್ತು, ಅದರ ಮೇಲೆ ರೊಟ್ಟಿಯ ಬುಟ್ಟಿಗಳು ಏರಿದ್ದವು. ಆದರೆ ತಮ್ಮನಿಗೆ ಮಾತ್ರ ಆಕೆ ಒಂದು ಮಾತೂ ಹೇಳಿರಲಿಲ್ಲ. "ಹೇಳೇ ಅಕ್ಕಾ" ಎಂದು ನಾನು ಹಲ್ಲು ಕಡಿದರೆ, "ಹೇಳ್ತೀನಿ ತಡಿ" ಅನ್ನುತ್ತಿದ್ದಳು.

ಯುಗಾದಿಯ ಮುಂದಿನ ಭಾನುವಾರ ಬೆಳಿಗ್ಗೆ ನಾನು ಕಮಲಾಪುರದಲ್ಲಿ ಡಬ್ಬ ಕಟ್ಟುತ್ತಿದ್ದೆ. ಹೊರಗೆ ಟೆಂಪೋ ನಿಂತ ಸದ್ದು. ಅಣ್ಣ ಒಳಗೆ ಬಂದ. ಮುಖ ಕೆಂಪಗಿತ್ತು. ಬುಟ್ಟಿಗಳನ್ನು ನೋಡಿದ, ಹೆಂಗಸರನ್ನು ನೋಡಿದ, ನನ್ನನ್ನು ನೋಡಿದ.

"ಕೇಳಿದ್ದು ಖರೇನ ಐತಿ," ಅಂದ. "ನನ್ನ ಆಫೀಸಿನ್ಯಾಗ ಬಾಜೂಕಿನ ಟೇಬಲ್ಲಿನವ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನಾಕತ್ತಿದ್ದ. ಪುಣೆದಾಗಿನ ಅವನ ಅಕ್ಕ ಕೊಟ್ಟು ಕಳಿಸ್ಯಾಳಂತ. ಇದು ನಿಮ್ಮಕ್ಕನ ರೊಟ್ಟಿ ಅಲ್ಲೇನ್ರೀ, ನಿಮಗ ಗೊತ್ತಿಲ್ಲೇನು ಅಂತ ನನಗ ಕೇಳ್ತಾನ! ಊರಿಗೆಲ್ಲ ಪತ್ರ ಹೋಗ್ಯಾವ. ಮುಂಬೈ ಮಾಮಾಗ ಹೋಗೈತಿ. ನನಗ ಇಲ್ಲ. ನಾ ಯಾರ್ ಹಂಗಾರ?"

ಕೊನೆಯ ಮಾತಿಗೆ ಅವನ ಧ್ವನಿ ಒಡೆಯಿತು. ಇಷ್ಟು ದಿನ ಅವನ ಮೇಲೆ ಸಾಕಿಕೊಂಡು ಬಂದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವನ ಅಂಗಿಯ ತೋಳಿಗೆ ಸುಣ್ಣ ಹತ್ತಿತ್ತು. ಬೆಳಿಗ್ಗೆಯೂ ಅಕ್ಕನ ಆ ಕೋಣೆಯನ್ನು ಏನೋ ಸರಿ ಮಾಡಿಯೇ ಬಂದಿದ್ದ. ಪಾಪ ಅನಿಸಿ ಬಾಯಿ ಬಿಡಲು ಹೋದೆ. ಅಕ್ಕ ಕೈ ಎತ್ತಿ ನನ್ನನ್ನು ತಡೆದಳು. ತವೆಯ ಮೇಲಿನ ರೊಟ್ಟಿ ತಿರುವಿ, ತೆಗೆದು ಇಟ್ಟು, ಆಮೇಲೆ ಮಾತಾಡಿದಳು.

"ಮನೀಮಂದಿಗೆ ಯಾರು ಪತ್ರಿಕಿ ಕೊಡ್ತಾರೋ ತಮ್ಮಾ? ಪತ್ರಿಕಿ ಕೊಡೋದು ಬರೋ ಮಂದಿಗೆ. ನೀ ಕರಿಸಿಕೊಳ್ಳಾಂವ ಅಲ್ಲ, ಕರಿಯಾಂವ. ಮದುವಿ ಪತ್ರಿಕ್ಯಾಗ ಮನೀ ಗಂಡಸರ ಹೆಸರು ಎಲ್ಲಿರ್ತೈತಿ?"

ನಾನೇ ಹೇಳಿದೆ, "ಕೆಳಗ. ಸುಖಾಗಮನ ಬಯಸುವವರು ಅಂತ ಇರ್ತೈತಲ್ಲ, ಅಲ್ಲಿ."

"ಅಲ್ಲಿ ಹಾಕು ಅವನ ಹೆಸರು. ಮುಂದಿನ ಪತ್ರದಾಗಿಂದ."

ಆಕೆ ಇದನ್ನು ಮೊದಲ ದಿನವೇ ಎಣಿಸಿದ್ದಳೋ, ಆ ಗಳಿಗೆಯಲ್ಲಿ ಹೊಳೆಯಿತೋ, ನಾನು ಕೇಳಿಲ್ಲ. ಕೇಳಿದ್ದರೆ ನೀರಿನ ಚೆಂಬು ಸರಿಸು ಅನ್ನುತ್ತಿದ್ದಳು.

ಅಣ್ಣ ಹೊಸ್ತಿಲ ಮೇಲೆ ಕುಳಿತ. ಅಕ್ಕ ತಾಟಿನಲ್ಲಿ ಬಿಸಿ ರೊಟ್ಟಿ, ಹಿಂಡಿ, ಎಣ್ಣೆ ಇಟ್ಟು ಮುಂದಿಟ್ಟಳು. ಒಂದು ತುತ್ತು ತಿಂದು, ತಲೆ ತಗ್ಗಿಸಿಕೊಂಡೇ ಕೇಳಿದ, "ನಿನಗ ಬರೋ ಮನಸ ಇಲ್ಲಂತ ಹೇಳಬೇಕಿಲ್ಲೋ ಅಕ್ಕಾ? ನಾ ಏನ್ ಎಳಕೊಂಡು ಹೋಗ್ತಿದ್ನೇನು?"

"ನೀ ಕಿಡಕಿ ಇಡಿಸಿದ್ದೆಲ್ಲ. ಬಾಯಿ ಬರಲಿಲ್ಲ ನನಗ."

"ಈಗ ಆ ಕೋಣಿ ಏನ್ ಮಾಡ್ಲಿ?"

"ಇರಲಿ. ಬರ್ತೀನಿ ನಾ, ಹಬ್ಬಕ್ಕ ಬರ್ತೀನಿ, ಎಂಟು ದಿನ ಇರ್ತೀನಿ." ಅಕ್ಕ ಇನ್ನೊಂದು ಉಂಡೆ ಹಿಟ್ಟು ಕೈಗೆ ತೆಗೆದುಕೊಂಡಳು. "ಆದ್ರ ಅವ್ವ ಹೋದ ಮ್ಯಾಗ ನೀ ಪಂಚಮಿಗೆ ಒಮ್ಮೆರ ತವರಿಗೆ ಕರಿಯಾಕ ಬಂದಿಯೇನೋ? ಫೋನ್ ಮಾಡಿ ಬರ್ರೆವಾ ಅಂತಿ. ನಾವಿಬ್ಬರೂ ದಾರಿ ನೋಡಿದ್ದ ಬಂತು. ಟೆಂಪೋ ತೊಗೊಂಡು ಬರಾಕ ಬಂತು ನಿನಗ, ಕರಿಯಾಕ ಬರಾಕ ಆಗಲಿಲ್ಲ."

ನನಗೆ ಅಳು ಬಂತು, ಅತ್ತುಬಿಟ್ಟೆ. ಫೋನಿನಲ್ಲಿ ಬರ್ರಿ ಅಂದರೆ ಯಾರು ಹೋಗುತ್ತಾರೆ ಎಂದು ಅವತ್ತು ಆಕೆ ನಗುತ್ತ ಅಂದದ್ದು ಮದುವೆಗಳ ಮಾತಲ್ಲ ಎಂದು ನನಗೆ ಆಗ ತಿಳಿಯಿತು. ಅಣ್ಣ ತಾಟಿನಲ್ಲಿ ಒಂದು ಚೂರೂ ಬಿಡದೆ ತಿಂದ. ಎದ್ದು ಕೈತೊಳೆದು, ಹೊರಗೆ ಹೋಗಿ, ಟೆಂಪೋದವನಿಗೆ ಟ್ರಂಕ್ ಇಲ್ಲ, ರೊಟ್ಟಿ ಡಬ್ಬಗಳಿವೆ, ಬಸ್ ಸ್ಟ್ಯಾಂಡಿಗೆ ಹೋಗಬೇಕು ಎಂದ. ತಾನೇ ಹೊತ್ತು ಹಾಕಿದ. ಒಡೆದೀತು ಎಂದು ನಾನು ಕೂಗಿಕೊಂಡರೆ, "ಗೊತ್ತೈತಿ ಸುಮ್ಮನಿರು" ಎಂದು ನನ್ನನ್ನೇ ಗದರಿದ.

ಆ ವರ್ಷ ನಾಗರಪಂಚಮಿಗೆ ಎರಡು ದಿನ ಮೊದಲು ಅಣ್ಣ ನಮ್ಮ ಶಹಾಬಜಾರದ ಮನೆಗೆ ಬಂದ. ಕುಳಿತ, ಎಲ್ಲರ ಆರಾಮ ಕೇಳಿದ, ಕುಂಕುಮದ ಭರಣಿ ತೆಗೆಸಿ ನನ್ನ ಹಣೆಗೆ ಹಚ್ಚಿದ. ಆಮೇಲೆ ಅಕ್ಕನನ್ನು ಕರೆಯಲು ಕಮಲಾಪುರಕ್ಕೆ ಹೋದ. ಟೆಂಪೋ ಮಾಡಲಿಲ್ಲ, ಬಸ್ಸಿಗೇ ಹೋದ.